ಎಂಬತ್ತೆರಡು ಡಿಗ್ರಿ

ಸೊರಬದ ಗಣಪಯ್ಯ ಒಂಬತ್ತು ವರ್ಷ ಮಸ್ಕತ್ತಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ತೊಂಬತ್ತೈದರಲ್ಲಿ ಊರಿಗೆ ವಾಪಸಾದ. ಬರುವಾಗ ಅಲ್ಲಿ ತಾನು ಓಡಿಸುತ್ತಿದ್ದ ಜಪಾನಿನ ಬೈಕನ್ನು ಬೊಂಬಾಯಿಯವರೆಗೆ ಹಡಗಿನಲ್ಲಿ, ಅಲ್ಲಿಂದ ಲಾರಿಯಲ್ಲಿ ತರಿಸಿಕೊಂಡ. ಪಂಪ್‌ಸೆಟ್ ರಿಪೇರಿ, ಮನೆ ವೈರಿಂಗ್ ಎಂದು ಕೆಲಸ ಹಿಡಿದ ಮೇಲೆ ಹಳ್ಳಿ ಹಳ್ಳಿಗೆ ಅದರಲ್ಲೇ ಓಡಾಟ. ಸೊರಬದಲ್ಲಿ ಬೈಕ್ ರಿಪೇರಿ ಮಾಡುವವರು ಇಬ್ಬರಿದ್ದರು. ಇಬ್ಬರೂ ಅದರ ಮುಂದುಗಡೆಯ ಪುಟ್ಟ ರೇಡಿಯೇಟರ್ ನೋಡಿ ನಮ್ಮಿಂದಾಗದು ಎಂದುಬಿಟ್ಟರು. ಅವರು ಬಲ್ಲ ಬೈಕುಗಳೆಲ್ಲ ಗಾಳಿಗೇ ತಣ್ಣಗಾಗುವಂಥವು. ಇದಕ್ಕೆ ಜೀಪಿನ ಹಾಗೆ ನೀರು ಬೇಕು.

ಆ ವರ್ಷದ ನವೆಂಬರಿನಲ್ಲಿ ಬೈಕು ಕುದಿಯತೊಡಗಿತು. ಮೊದಲು ಊರೊಳಗೇ ಒಂದು ಸಲ, ಆಮೇಲೆ ಕುಬಟೂರಿಗೆ ಮೋಟರ್ ಬಿಚ್ಚಲು ಹೋಗುವಾಗ ಎರಡು ಸಲ. ಆವಿ ಬುಸುಗುಟ್ಟಿ ನಿಂತರೆ ಮತ್ತೆ ಲಗೇಜ್ ಟೆಂಪೋದಲ್ಲೇ ವಾಪಸು. ಗಣಪಯ್ಯನ ಬೈಕು ಟೆಂಪೋ ಹತ್ತದೆ ಎಲ್ಲಿಗೂ ಹೋಗುವುದಿಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ ಜನ ನಕ್ಕರು. ಕೊನೆಗೆ ಯಾರೋ ಶಿಕಾರಿಪುರದ ಕೊಟ್ರೇಶನ ಹೆಸರು ಹೇಳಿದರು. ಎಪಿಎಂಸಿ ಪಕ್ಕದಲ್ಲಿ ಅವನ ಗ್ಯಾರೇಜು. ಇಪ್ಪತ್ತು ವರ್ಷದಿಂದ ಜೀಪು, ಟ್ರ್ಯಾಕ್ಟರು ಬಿಟ್ಟರೆ ಬೇರೆ ಮುಟ್ಟಿದವನಲ್ಲ.

ಟೆಂಪೋದಿಂದ ಇಳಿಸಿದ ಬೈಕಿನ ಸುತ್ತ ಕೊಟ್ರೇಶ್ ಎರಡು ಸುತ್ತು ಬಂದ.

"ಇದು ಬೈಕೇನ್ರೀ, ಸಣ್ಣ ಟ್ರ್ಯಾಕ್ಟ್ರೇನ್ರೀ?"

"ಎಂತದೋ ಮಾರಾಯ್ರೆ. ಮಸ್ಕತ್ತಿನ ಬಿಸಿಲಲ್ಲಿ ಒಂದು ದಿನ ಕುದ್ದಿದ್ದಿಲ್ಲ. ಇಲ್ಲಿ ಚಳಿಗಾಲದಲ್ಲಿ ಕುದೀತಾ ಉಂಟು."

ಕೊಟ್ರೇಶ್ ನೀರು ತುಂಬಿಸಿ ಇಂಜಿನ್ ಚಾಲೂ ಮಾಡಿದ. ಎಲ್ಲೂ ಸೋರಿಕೆ ಇರಲಿಲ್ಲ. ಹತ್ತು ನಿಮಿಷ ಬಿಟ್ಟು ಮೇಲಿನ ಹೋಸ್ ಪೈಪನ್ನು ಇಂಜಿನ್ನಿನ ಕಡೆ ಮುಟ್ಟಿ ಕೈ ಕೊಡವಿದ. ರೇಡಿಯೇಟರ್ ಮುಟ್ಟಿದ, ಅದು ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು.

"ಇಲ್ಲಿ ಕೈ ಇಡ್ರಿ. ಈಗ ಇಲ್ಲಿ ಇಡ್ರಿ. ಇಂಜಿನ್ನಾಗೆ ಕುದಿಯೋ ನೀರು ರೇಡಿಯೇಟರಿಗೆ ಬರ್ತಾನೇ ಇಲ್ಲ. ನಡುವೆ ಒಂದು ಬಾಗ್ಲು ಐತಿ, ಥರ್ಮೋಸ್ಟಾಟ್ ಅಂತ. ನೀರು ಬಿಸಿ ಆದ್ಮೇಲೆ ಅದು ತೆರೀಬೇಕು. ತೆರೀತಿಲ್ಲ."

ಎರಡು ಬೋಲ್ಟ್ ಬಿಚ್ಚಿ, ಸ್ಪ್ರಿಂಗ್ ಕೂರಿಸಿದ್ದ ಒಂದು ಹಿತ್ತಾಳೆಯ ಬಿಲ್ಲೆಯನ್ನು ಹೊರಗೆ ತೆಗೆದು ಗುಜರಿ ಡ್ರಮ್ಮಿಗೆ ಎಸೆದ. ಖಾಲಿ ಜಾಗವನ್ನು ಹಾಗೇ ಮುಚ್ಚಿ ಬೋಲ್ಟ್ ಬಿಗಿಸಿದ.

"ಹೊಸದು ಹಾಕೂದಿಲ್ವಾ?" ಗಣಪಯ್ಯ ಕೇಳಿದ.

"ಯಾಕ್ರೀ? ಮಂಜುಗಡ್ಡೆ ಬೀಳೋ ದೇಶಕ್ಕೆ ಬೇಕಾದ ಸಾಮಾನು ಅದು. ನಮ್ಮ ಸೀಮೆಗೆ ಏನು ಬೇಕು? ಬಂದ ಜೀಪಿಂದೆಲ್ಲ ತೆಗೆದು ಬಿಸಾಕೀನಿ."

ದಾವಣಗೆರೆಯಲ್ಲಿ ಕೆಲಸ ಕಲಿಸಿದ ಉಸ್ತಾದರು ಹೇಳಿಕೊಟ್ಟದ್ದು ಅದು. ಅಂದಿನಿಂದ ಅದನ್ನು ಅವನು ಒಮ್ಮೆಯೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸುವ ಸಂದರ್ಭವೂ ಬಂದಿರಲಿಲ್ಲ. ತೆಗೆದ ಮೇಲೆ ಯಾವ ಜೀಪೂ ಕುದಿಯುತ್ತಿರಲಿಲ್ಲ. ಗಣಪಯ್ಯನ ಬೈಕೂ ಕುದಿಯಲಿಲ್ಲ. ಅವನು ಅದರ ಮೇಲೇ ಸೊರಬಕ್ಕೆ ಹೋದ.

ಜನವರಿ ಎರಡನೇ ವಾರ ಮತ್ತೆ ಬಂದ. ಈ ಸಲ ಟೆಂಪೋ ಇರಲಿಲ್ಲ, ಆದರೆ ಮುಖ ಸಪ್ಪಗಿತ್ತು.

"ಕುದಿಯೋದು ನಿಂತಿದೆ, ಸುಳ್ಳು ಹೇಳೂದಿಲ್ಲ. ಆದ್ರೆ ಬೆಳಿಗ್ಗೆ ಹೊತ್ತು ಎಳೆಯೂದೇ ಇಲ್ಲ. ಚೋಕ್ ತೆಗೆದ್ರೆ ಬಂದ್ ಬೀಳ್ತದೆ. ಪೆಟ್ರೋಲಂತೂ ಮೊದಲಿನ ಒಂದೂವರೆ ಪಟ್ಟು ಕುಡೀತದೆ."

ಕೊಟ್ರೇಶ್ ಪ್ಲಗ್ ಬಿಚ್ಚಿ ನೋಡಿದ. ಮಸಿ ಹಿಡಿದ ದೀಪದ ಬತ್ತಿಯಂತೆ ಕಪ್ಪಾಗಿತ್ತು. ಒರೆಸಿ ಹಾಕಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಬೈಕನ್ನು ಎರಡು ದಿನ ತನ್ನ ಹತ್ತಿರ ಬಿಟ್ಟು ಹೋಗಲು ಹೇಳಿ, ಆ ಸಂಜೆ ಅದರ ಮೇಲೇ ತನ್ನೂರು ಉಡುತಡಿಗೆ ಹೊರಟ. ದಾರಿಯುದ್ದಕ್ಕೂ ಬಿಸಿ ತೋರಿಸುವ ಮುಳ್ಳು ತಳದಲ್ಲೇ ಮಲಗಿತ್ತು. ಮರುದಿನ ಮುಂಜಾನೆ ಮಂಜಿನಲ್ಲಿ ಶಿರಾಳಕೊಪ್ಪದವರೆಗೆ ಹೋಗಿ ಬಂದ. ಗಣಪಯ್ಯ ಹೇಳಿದ್ದೆಲ್ಲ ನಿಜ. ಮುಳ್ಳು ಆಗಲೂ ಏಳಲಿಲ್ಲ.

ಅವನ ಹೆಂಡತಿ ಬಸವಣ್ಣೆಮ್ಮ ಊರಿನ ಮಹಿಳಾ ಹಾಲಿನ ಸೊಸೈಟಿಯಲ್ಲಿ ಟೆಸ್ಟರ್. ತಂದ ಹಾಲನ್ನೆಲ್ಲ ಅಳೆದು, ಪರೀಕ್ಷೆ ಮಾಡಿ ಬರೆದುಕೊಳ್ಳುವ ಕೆಲಸ. ಬೆಳಗಿನ ಹಾಲು ಮುಗಿಸಿ ಮನೆಗೆ ಬಂದವಳು, ಗಂಡ ಅಂಗಳದಲ್ಲಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿರುವುದನ್ನು ನೋಡಿದಳು.

"ಅಷ್ಟು ದೂರ ಓಡ್ಸಿ ಬಂದು ಇಂಜಿನ್ ಮೇಲೆ ಕೈ ಇಟ್ಕೊಂಡು ಕುಂತೀರಲ್ಲ, ಸುಡಲ್ವೇನ್ರೀ?"

"ಸುಡ್ತಿಲ್ಲ. ಅದೇ ರೋಗ," ಎಂದ ಕೊಟ್ರೇಶ್.

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಇಂಜಿನ್ ಬಿಸಿಯಾಗಬೇಕಾದಷ್ಟು ಬಿಸಿಯಾಗುತ್ತಲೇ ಇಲ್ಲ. ಬಾಗಿಲೇ ಇಲ್ಲದ್ದರಿಂದ ನೀರೆಲ್ಲ ಮೊದಲಿನಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತಿದೆ, ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಉರಿಯದೆ ಪ್ಲಗ್ಗಿಗೆ ಮಸಿ ಹಿಡಿಯುತ್ತಿದೆ. ಕಾಫಿ ಕುಡಿಯುತ್ತ ಹೆಂಡತಿಗೆ ಎಲ್ಲ ಹೇಳಿದ.

"ಆ ಬಾಗ್ಲು ಎಷ್ಟು ಡಿಗ್ರಿಗೆ ತೆರೀಬೇಕು?" ಅವಳು ಕೇಳಿದಳು.

"ಬಿಸಿ ಆದ್ಮೇಲೆ ತೆರೀತದ."

"ಬಿಸಿ ಅಂದ್ರೆ ಎಷ್ಟು? ಹಾಲು ಚೆನ್ನಾಗೈತಿ ಅಂತ ಬರೆದು ಕಳ್ಸಿದ್ರೆ ಡೇರಿಯೋರು ನಮ್ಮ ಹಾಲು ತಗೋತಾರಾ?"

ಕೊಟ್ರೇಶನಿಗೆ ಸಿಟ್ಟು ಬಂತು. ಉತ್ತರ ಗೊತ್ತಿಲ್ಲದ್ದಕ್ಕೆ ಬಂದ ಸಿಟ್ಟು ಅದು. ಎದ್ದು ಗ್ಯಾರೇಜಿಗೆ ಹೋದ. ಗುಜರಿ ಡ್ರಮ್ಮನ್ನು ನೆಲಕ್ಕೆ ಸುರಿದು, ಸವೆದ ಬೇರಿಂಗು, ಮುರಿದ ಬೋಲ್ಟುಗಳ ನಡುವಿನಿಂದ ಆ ಬಿಲ್ಲೆಯನ್ನು ಹುಡುಕಿ ತೆಗೆದ. ಬಟ್ಟೆಯಲ್ಲಿ ಉಜ್ಜಿದಾಗ ಅಂಚಿನಲ್ಲಿ 82 ಎಂಬ ಅಂಕಿ ಕಂಡಿತು. ಇಂಥ ಅಂಕಿಗಳನ್ನು ಜೀಪಿನ ಬಿಲ್ಲೆಗಳ ಮೇಲೂ ಅವನು ನೋಡಿದ್ದ. ಕಂಪನಿಯವರು ಸಾಮಾನಿಗೆ ಹಾಕುವ ನಂಬರ್ ಎಂದೇ ತಿಳಿದಿದ್ದ.

ಮಧ್ಯಾಹ್ನ ಅದನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದು ಹೆಂಡತಿ ಹಾಲಿಗೆ ಬಳಸುವ ಥರ್ಮಾಮೀಟರ್ ಕೇಳಿದ.

"ಸೊಸೈಟಿ ಸಾಮಾನು, ಹೊರಗೆ ತರಂಗಿಲ್ಲ. ಸಂಜೆ ಹಾಲಿಗೆ ಮುಂಚೆ ನೀವೇ ಅಲ್ಲಿಗೆ ಬರ್ರಿ. ಪಾತ್ರೆ ಮನೇದು ತರ್ರಿ. ಹಾಲಿನ ಪಾತ್ರೆಗೆ ಅದನ್ನ ಹಾಕ್ಸಲ್ಲ ನಾನು."

ಸೊಸೈಟಿಯ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ, ಹಳೆಯ ಅಲ್ಯುಮಿನಿಯಂ ಪಾತ್ರೆಯಲ್ಲಿ ನೀರಿಟ್ಟರು. ಕೊಟ್ರೇಶ್ ಬಿಲ್ಲೆಯನ್ನು ನೀರಿಗೆ ಹಾಕಹೊರಟಾಗ ಬಸವಣ್ಣೆಮ್ಮ ತಡೆದಳು. ತಳಕ್ಕೆ ತಾಗಿದರೆ ಪಾತ್ರೆಯ ಬಿಸಿ ಹತ್ತುತ್ತದೆ, ನೀರಿನದ್ದಲ್ಲ ಎಂದು ದಾರ ಕಟ್ಟಿ ನೀರಿನ ನಡುವೆ ತೂಗುಬಿಟ್ಟಳು. ಥರ್ಮಾಮೀಟರನ್ನೂ ಹಾಗೆಯೇ ಹಿಡಿದಳು. ಸೊಸೈಟಿ ಅಧ್ಯಕ್ಷೆ ಗುತ್ಯಮ್ಮ ಬಾಗಿಲಲ್ಲಿ ಇಣುಕಿದಳು.

"ಏನೇ ಬಸಣ್ಣೆಮ್ಮ, ಗಂಡಂಗೆ ಇವತ್ತು ಹಿತ್ತಾಳೆ ಬೇಯ್ಸಿ ಬಡಿಸ್ತೀಯೇನು?"

ಎಂಬತ್ತು ದಾಟಿತು, ತೊಂಬತ್ತು ದಾಟಿತು. ನೀರು ಕೊತಕೊತ ಕುದಿಯಿತು. ಬಿಲ್ಲೆ ಬಾಯಿ ಬಿಡಲಿಲ್ಲ.

"ನೋಡ್ದ್ಯಲ್ಲ, ಕೆಟ್ಟಿದ್ದು ಖರೇ," ಎಂದ ಕೊಟ್ರೇಶ್. ಕೊಂಚ ಸಮಾಧಾನವಾಗಿತ್ತು.

"ಕೆಟ್ಟೈತಿ ಅಂದಿದ್ದು ಸರಿ. ಕೆಟ್ಟಿದ್ದರ ಜಾಗಕ್ಕೆ ಇನ್ನೊಂದು ಹಾಕ್ಲಿಲ್ಲ, ಅದು ತಪ್ಪು," ಎಂದು ಅವಳು ಸ್ಟೌ ಆರಿಸಿದಳು.

ಮರುದಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋದ. ಆ ಬೈಕಿನ ಸಾಮಾನು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ಸಣ್ಣ ಕಾರುಗಳ ಸ್ಪೇರ್ ಅಂಗಡಿಯವನು ಒಳಗಿನಿಂದ ಧೂಳು ಹಿಡಿದ ಡಬ್ಬಿ ತಂದ. "ಎಲ್ಲರೂ ಕಿತ್ತು ಬಿಸಾಡ್ತಾರೆ. ಇದನ್ನ ಕೇಳ್ಕೊಂಡು ಬಂದೋರು ನೀವೇ ಮೊದಲು," ಎಂದ. ಕೊಟ್ರೇಶ್ ಅಳತೆ ಹತ್ತಿರವಿದ್ದ ಎರಡನ್ನು ಆರಿಸಿಕೊಂಡ. ಎರಡರ ಮೇಲೂ 82 ಎಂದಿತ್ತು.

ಸಂಜೆ ಮತ್ತೆ ಅದೇ ಪಾತ್ರೆ, ಅದೇ ದಾರ. ಮೊದಲನೆಯದು ಎಪ್ಪತ್ತಕ್ಕೇ ತೆರೆದುಕೊಂಡಿತು, ಅದನ್ನು ಬದಿಗಿಟ್ಟರು. ಎರಡನೆಯದನ್ನು ಇಳಿಬಿಟ್ಟು ಇಬ್ಬರೂ ಪಾತ್ರೆಯ ಮೇಲೆ ಬಗ್ಗಿದರು. ಬಸವಣ್ಣೆಮ್ಮ ಅಂಕಿ ಹೇಳುತ್ತ ಹೋದಳು. "ಎಂಬತ್ತು... ಎಂಬತ್ತೊಂದು..." ಎಂಬತ್ತೆರಡು ದಾಟುತ್ತಿದ್ದಂತೆ ಬಿಲ್ಲೆಯ ಅಂಚಿನಲ್ಲಿ ನೂಲೆಳೆಯಷ್ಟು ಸಂದು ಕಾಣಿಸಿತು. ನೋಡುತ್ತಿದ್ದ ಹಾಗೇ ಅದು ಅಗಲವಾಗಿ, ತೊಂಬತ್ತೈದಕ್ಕೆ ಪೂರ್ತಿ ತೆರೆದು ನಿಂತಿತು. ಸ್ಟೌ ಆರಿಸಿದ ಮೇಲೆ ನೀರು ತಣಿದಂತೆ ಯಾರೂ ಮುಟ್ಟದೆ ತಾನೇ ಮುಚ್ಚಿಕೊಂಡಿತು.

ಇಪ್ಪತ್ತು ವರ್ಷದಲ್ಲಿ ಅದೆಷ್ಟೋ ಕಿತ್ತಿದ್ದ ಕೊಟ್ರೇಶ್, ಒಂದು ತೆರೆದು ಮುಚ್ಚುವುದನ್ನು ನೋಡಿದ್ದು ಅದೇ ಮೊದಲು. "ಇನ್ನೊಂದ್ಸಲ ಕಾಸೋಣ," ಎಂದ. ಪರೀಕ್ಷೆಗಾಗಿ ಅಲ್ಲ, ಸುಮ್ಮನೆ ನೋಡಲು. ಅವಳಿಗೆ ಅದು ಗೊತ್ತಾಯಿತು. ಮತ್ತೆ ಕಡ್ಡಿ ಗೀರಿದಳು.

ಹೊಸ ಬಿಲ್ಲೆಯ ಅಂಚು ಕೂದಲೆಳೆಯಷ್ಟು ದೊಡ್ಡದಿತ್ತು. ಅರದಿಂದ ಸುತ್ತಲೂ ಉಜ್ಜಿ, ಬೈಕಿನಲ್ಲಿ ಕೂರಿಸಿ, ನೀರು ತುಂಬಿಸಿ ಓಡಿಸಿದ. ಎರಡು ಮೈಲಿ ಹೋಗುವಷ್ಟರಲ್ಲಿ ಮುಳ್ಳು ಎದ್ದಿತು. ಎದ್ದದ್ದು ನಡುವೆ ನಿಲ್ಲದೆ ಕೆಂಪು ಗೆರೆಯ ಕಡೆ ಹೋಗತೊಡಗಿತು. ಕೊಟ್ರೇಶ್ ಇಂಜಿನ್ ಬಂದ್ ಮಾಡಿ, ರಸ್ತೆ ಬದಿಯಲ್ಲಿ ತಣಿಯುವವರೆಗೆ ಕಾದು, ಬೈಕನ್ನು ತಳ್ಳಿಕೊಂಡೇ ಮನೆಗೆ ಬಂದ. ಹಳೆಯದನ್ನು ಕಿತ್ತು ಜಾಗ ಖಾಲಿ ಬಿಟ್ಟದ್ದೇ ಸರಿಯಿತ್ತೇನೋ ಎಂದು ದಾರಿಯಲ್ಲಿ ಅನ್ನಿಸದೆ ಇರಲಿಲ್ಲ.

ಅಂಗಳದಲ್ಲಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಹಳೆಯದರ ಅಂಚಿನಲ್ಲಿ ಸೂಜಿ ತೂರುವಷ್ಟು ಒಂದು ತೂತು. ಹೊಸದರಲ್ಲಿ ಅದಿಲ್ಲ. ನೀರು ತುಂಬುವಾಗ ಒಳಗೆ ಸಿಕ್ಕ ಗಾಳಿ ಹೊರಗೆ ಹೋಗಲು ಆ ತೂತು. ಹೋಗದೆ ಉಳಿದ ಗಾಳಿಯೇ ಬಿಸಿನೀರು ಬಿಲ್ಲೆಯನ್ನು ಮುಟ್ಟದಂತೆ ತಡೆದಿತ್ತು. ಡ್ರಿಲ್ಲಿಗೆ ಅತಿ ಸಣ್ಣ ಬಿಟ್ ಹಾಕಿ ಹೊಸದರಲ್ಲೂ ತೂತು ಕೊರೆದ, ತೂತು ಮೇಲೆ ಬರುವಂತೆ ಕೂರಿಸಿದ. ಈ ಸಲ ಮುಳ್ಳು ನಿಧಾನಕ್ಕೆ ಎದ್ದು ಅರ್ಧಕ್ಕೆ ಬಂದು ನಿಂತಿತು. ಶಿರಾಳಕೊಪ್ಪಕ್ಕೆ ಹೋಗಿ ಬಂದರೂ ಅಲ್ಲೇ ಇತ್ತು.

ಗಣಪಯ್ಯ ಬಂದ ದಿನ ಕೊಟ್ರೇಶ್ ಬೀಗದ ಕೈ ಕೊಡುವ ಮೊದಲೇ ಹೇಳಿದ: "ಆಗ್ಲೇ ಹೊಸದು ಹಾಕ್ಬೇಕಿತ್ರೀ. ನೀವು ಕೇಳಿದ್ರಿ ಕೂಡ. ನನಗೆ ಗೊತ್ತಿರ್ಲಿಲ್ಲ, ಗೊತ್ತೈತಿ ಅಂದ್ಕೊಂಡಿದ್ದೆ. ತಪ್ಪು ನಂದು."

ಗಣಪಯ್ಯ ಬೈಕಿನ ಸೀಟು ಒರೆಸಿದ. "ಮಸ್ಕತ್ತಿನಲ್ಲಿ ಒಂದು ಕಟ್ಟಡಕ್ಕೆ ಪದೇ ಪದೇ ಫ್ಯೂಸ್ ಹೋಗ್ತಿತ್ತು. ನಾನು ದಪ್ಪ ತಂತಿ ಕಟ್ಟಿಬಿಟ್ಟೆ. ಆಮೇಲೆ ಹೋಗ್ಲೇ ಇಲ್ಲ. ಎಲ್ಲರೂ ಹೊಗಳಿದ್ರು. ಎರಡು ವರ್ಷ ಆ ಕಟ್ಟಡದ ಮುಂದೆ ಹೋಗುವಾಗೆಲ್ಲ ಎಲ್ಲಿ ವೈರಿಗೆ ಬೆಂಕಿ ಹತ್ತೀತೋ ಅಂತ ಹೆದರಿಕೆ ಆಗ್ತಿತ್ತು. ಯಾರಿಗೂ ಹೇಳಿದ್ದಿಲ್ಲ ಮಾರಾಯ್ರೆ," ಎಂದ. ಆಮೇಲೆ ಬೈಕ್ ಹತ್ತಿ ಸೊರಬದ ದಾರಿ ಹಿಡಿದ.

ಮುಂದಿನ ವಾರ ಜಟ್ಟಪ್ಪ ಎಂಬ ಹಳೆಯ ಗಿರಾಕಿ ಕುದಿಯುತ್ತಿದ್ದ ಜೀಪು ತಂದು ನಿಲ್ಲಿಸಿದ. ಮೇಲಿನ ಪೈಪು ಬಿಸಿ, ರೇಡಿಯೇಟರ್ ತಣ್ಣಗೆ.

"ಕಿತ್ತು ಹಾಕು ಕೊಟ್ರೇಶಣ್ಣ, ಬ್ಯಾಗ ಹೋಗ್ಬೇಕು."

"ನಾಳೆ ತನಕ ಬಿಡು. ಹೊಸದು ತಂದು ಹಾಕ್ತೀನಿ."

"ಹೋದ ವರ್ಷ ನನ್ನ ತಮ್ಮನ ಜೀಪಿಂದು ನೀನೇ ಕಿತ್ತಿದ್ದ್ಯಲ್ಲ?"

"ಹೌದು. ಅವಂಗೂ ಬರಾಕೆ ಹೇಳು."

ಜಟ್ಟಪ್ಪ ಅವನ ಮುಖವನ್ನೇ ನೋಡಿ, ಜೀಪು ತಿರುಗಿಸಿಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿಗೆ ಹೋದ. ಅಲ್ಲಿ ಅರ್ಧ ಗಂಟೆಯಲ್ಲಿ ಕಿತ್ತುಕೊಟ್ಟರಂತೆ.

ಅವನ ತಮ್ಮ ಬಂದದ್ದು ಫೆಬ್ರವರಿಯ ಕೊನೆಗೆ, ಅದೂ ಬ್ರೇಕ್ ಸರಿ ಮಾಡಿಸಲು. ಕೊಟ್ರೇಶ್ ಬ್ರೇಕಿನ ಕೆಲಸ ಮುಗಿಸಿ ಕೈ ಒರೆಸಿಕೊಂಡು, "ಬಾನೆಟ್ ಎತ್ತು, ಇನ್ನೊಂದು ಕೆಲಸ ಬಾಕಿ ಐತಿ," ಎಂದ.