ಕಾಲು ಬಿಡೋ, ಶಶಿಕಾಂತ

ನಾನು ಬಿದ್ದದ್ದು ವಯಸ್ಸಿನಿಂದಲ್ಲ, ಶಶಿಕಾಂತನಿಂದ. ಇದನ್ನು ವರ್ಷವಿಡೀ ಮನೆಗೆ ಬಂದುಹೋದವರಿಗೆಲ್ಲ ಹೇಳಿದೆ. ಒಬ್ಬರಾದರೂ ನಂಬಬೇಕಲ್ಲ!

ಶಶಿಕಾಂತ ನನ್ನ ತಂಗಿಯ ಮಗ. ರಾಣೆಬೆನ್ನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಭಕ್ತಿಯಲ್ಲೂ ತೂಕದಲ್ಲೂ ನಮ್ಮ ಬಳಗಕ್ಕೇ ಮುಂದು. ಹೋದ ದಸರೆಗೆ ಬನ್ನಿ ಎಲೆ ಕೊಡಲು ಬ್ಯಾಡಗಿಗೆ ಬಂದವನು, ಪಡಸಾಲೆಯಲ್ಲಿ ನಿಂತಿದ್ದ ನನ್ನ ಎರಡೂ ಪಾದ ಗಟ್ಟಿಯಾಗಿ ಹಿಡಿದು ಮೊಣಕಾಲಿಗೆ ಹಣೆ ಊರಿದ. ಆ ಭಾರಕ್ಕೆ ನಾನು ಹಿಂದಕ್ಕೆ ವಾಲಿದೆ. ವಾಲಿದವರು ಯಾರಾದರೂ ಒಂದು ಹೆಜ್ಜೆ ಹಿಂದಿಟ್ಟು ನಿಲ್ಲುತ್ತಾರೆ. ನನ್ನ ಹೆಜ್ಜೆ ಇವನ ಕೈಯಲ್ಲಿತ್ತು! "ಕಾಲು ಬಿಡೋ" ಎನ್ನುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದೆ. ಎಡಗೈ ಮಣಿಕಟ್ಟು ಮುರಿಯಿತು.

"ವಯಸ್ಸಾತಲ್ಲ, ಜೋಲಿ ತಪ್ಪತೈತಿ" ಎಂದರು ಎಲ್ಲರೂ. ದೊಡ್ಡವರ ಕಾಲು ಮುಟ್ಟಿದವನದು ತಪ್ಪು ಅಂತ ಯಾರು ಹೇಳುತ್ತಾರೆ? ತಪ್ಪು ನನ್ನ ಎಪ್ಪತ್ತಾರು ವರ್ಷದ್ದಾಯಿತು.

ನನ್ನ ಮಗ ರುದ್ರಮುನಿ ಮೆಣಸಿನಕಾಯಿ ದಲಾಲಿ. ಪೇಟೆಯಲ್ಲಿ ಯಾರಿಗೂ ಬಗ್ಗದವನು ನನ್ನ ಕೈಗೆ ಪಟ್ಟಿ ಕಟ್ಟಿದ್ದು ನೋಡಿ ಅತ್ತುಬಿಟ್ಟ. ಅತ್ತ ಮೇಲೆ ಕಿಟಕಿ ಪಕ್ಕ ನನಗೊಂದು ಕುರ್ಚಿ ಹಾಕಿ ಹುಕುಂ ಹೊರಡಿಸಿದ. "ಅವ್ವ, ಯಾರರ ಕೈ ಹಿಡದ ಹೊರತು ಖುರ್ಚಿ ಬಿಟ್ಟು ಏಳಬ್ಯಾಡ." ಬಚ್ಚಲಿಗೂ ಒಬ್ಬರ ಕೈ, ಬಾಗಿಲಿಗೂ ಒಬ್ಬರ ಕೈ. ಕೂತು ಕೂತು ನನ್ನ ಕಾಲು ಬೆಂದ ನುಗ್ಗೆಕಾಯಿ ಆದವು. ಮೈಯೆಲ್ಲ ಉರಿಯುತ್ತಿತ್ತು ನನಗೆ. ಸಿಟ್ಟಿನಿಂದ, ಮತ್ತೇನಲ್ಲ.

ಕೈ ತೋರಿಸಲು ಹಾವೇರಿಗೆ ಹೋದಾಗ ವ್ಯಾಯಾಮ ಕಲಿಸುವ ಡಾಕ್ಟರ್ ಧನಶ್ರೀ ನನ್ನನ್ನು ಎಬ್ಬಿಸಿ ನಿಲ್ಲಿಸಿ, ನಡೆಸಿ ನೋಡಿದಳು. "ಕುಂತಷ್ಟೂ ಕಾಲು ಸೊರಗ್ತಾವರಿ ಅಜ್ಜಿ. ಸೊರಗಿದ ಕಾಲ ಬೀಳಸ್ತಾವ" ಎಂದಳು. ಕೈ ಊರದೆ ಕುರ್ಚಿಯಿಂದ ಎದ್ದು ಕೂಡುವುದು, ಕಟ್ಟೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವುದು, ಎಲ್ಲ ಹೇಳಿಕೊಟ್ಟಳು. ಹವಾಯಿ ಚಪ್ಪಲಿ ಬಿಡಿ, ಹಿಂದೆ ಪಟ್ಟಿ ಇರುವುದು ಹಾಕಿ ಎಂದಳು. ರುದ್ರಮುನಿ ಚಪ್ಪಲಿ ಕೊಡಿಸಿದ. ನಡೆಯಲು ಮಾತ್ರ ಬಿಡಲಿಲ್ಲ.

ಬಿಡದಿದ್ದರೆ ಕೇಳುವವರು ಯಾರು? ಅವನು ಅಂಗಡಿಗೆ ಹೋದ ಮೇಲೆ ಅಡುಗೆ ಕಟ್ಟೆ ಹಿಡಿದು ಒಂಟಿಗಾಲಲ್ಲಿ ನಿಲ್ಲುತ್ತಿದ್ದೆ. ಸೊಸೆ ಪುಷ್ಪಲತಾ ನೋಡಿಯೂ ನೋಡದವಳಂತೆ ಪಕ್ಕದಲ್ಲೇ ರೊಟ್ಟಿ ಬಡಿಯುತ್ತಿದ್ದಳು. ಕಟ್ಟೆಯ ಮೇಲಿನ ಡಬ್ಬಿಗಳನ್ನು ಆಚೆ ಸರಿಸಿ ನನ್ನ ಕೈಗೆ ಜಾಗ ಮಾಡಿದವಳೂ ಅವಳೇ.

ನನಗೆ ಬೇಕಾಗಿದ್ದದ್ದು ಒಂದೇ. ಹಿಂದಿನ ಓಣಿಯ ಸೈದಾಬಿ ನನಗಿಂತ ದೊಡ್ಡವಳು, ಹಾಸಿಗೆ ಹಿಡಿದಿದ್ದಾಳೆ. ಬನ್ನಿಯನ್ನು ಸಣ್ಣವರು ದೊಡ್ಡವರ ಮನೆಗೆ ಒಯ್ಯಬೇಕು. ನಾನು ಸಣ್ಣವಳಾಗಿ ಹೋಗಬಹುದಾದ ಮನೆ ಊರಲ್ಲಿ ಅದೊಂದೇ ಉಳಿದಿದೆ. ಈ ದಸರೆಗೆ ಹೋಗಲೇಬೇಕಿತ್ತು, ನನ್ನ ಕಾಲ ಮೇಲೆ.

ಹಬ್ಬದ ಸಂಜೆ ಚಪ್ಪಲಿಯ ಪಟ್ಟಿ ಬಿಗಿದು, ಕೋಲು ಹಿಡಿದು, ಬನ್ನಿ ತೆಗೆದುಕೊಂಡು ಹೊರಟೆ. ರುದ್ರಮುನಿ ಬಾಗಿಲಿಗೆ ಅಡ್ಡ ನಿಂತ.

"ಬ್ಯಾಡವ್ವ. ಸೈದವ್ವಗ ನಾ ಕೊಟ್ಟ ಬರ್ತೇನಿ."

"ನೀ ಕೊಟ್ರ ಅದು ನಿನ್ನ ಬನ್ನಿ ಆತು. ನಂದು?"

ಅಷ್ಟರಲ್ಲಿ ಬಂದನಲ್ಲ ಶಶಿಕಾಂತ! "ದೊಡ್ಡವ್ವ, ಎಲ್ಲಿ ಹೊಂಟೀದಿ? ಮತ್ತ ಬಿದ್ದೀ!"

"ಹೋದ ವರ್ಷ ಕೆಡವಿದಾಂವ ನೀನ."

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ!" ಎಂದು ಹೊಟ್ಟೆ ಕುಣಿಸಿ ನಕ್ಕು, ನನ್ನ ಪಾದದತ್ತ ಬಾಗಿದ.

ನಾನು ಪಡಸಾಲೆಯ ಮಂಚದ ಮೇಲೆ ಕೂತುಬಿಟ್ಟೆ. "ತಡಿಯಪಾ. ಅಲ್ಲೇ ನೆಟ್ಟಗ ನಿಂದ್ರು" ಎಂದೆ. ಅವನ ಬೆನ್ನ ಹಿಂದೆ ಸೋಫಾ ಇರುವುದನ್ನು ನೋಡಿಕೊಂಡೆ. ಕೋಲು ಬದಿಗಿಟ್ಟು, ಬಾಗಿ, ಅವನ ಎರಡೂ ಕಾಲು ಗಬಕ್ಕನೆ ಹಿಡಿದೆ. ರೊಟ್ಟಿ ಬಡಿದ ಕೈ, ಸಡಿಲಾಗಲಿಲ್ಲ. ಮೊಣಕಾಲಿಗೆ ಹಣೆ ಒತ್ತಿದೆ.

"ಅಯ್ಯಯ್ಯ ದೊಡ್ಡವ್ವ! ಪಾಪ ಬರತೈತಿ! ಕಾಲ ಬಿಡ!" ದೊಡ್ಡವರು ಸಣ್ಣವರ ಕಾಲು ಹಿಡಿಯುವುದೆಂದರೇನು! ಹಿಂದೆ ಸರಿಯಲು ಹೋದ, ಹೆಜ್ಜೆ ಸಿಗಲಿಲ್ಲ. ಎರಡು ಸಲ ಕೈ ಬೀಸಿ ಧೊಪ್ಪನೆ ಸೋಫಾದ ಮೇಲೆ ಬಿದ್ದ. ಪುಷ್ಪಲತಾ ಸೆರಗು ಬಾಯಿಗಿಟ್ಟುಕೊಂಡರೂ ನಗು ತಡೆಯಲಿಲ್ಲ.

"ಎಷ್ಟಪಾ ನಿನಗ ವಯಸ್ಸು? ಐವತ್ತು ಆಗಿಲ್ಲ, ಆಗಲೇ ಜೋಲಿ ತಪ್ಪತೈತಿ! ರುದ್ರಾ, ಇವಗ ಕಿಡಕಿ ಬಾಜೂಕ ಒಂದು ಖುರ್ಚಿ ಹಾಕು. ಕೈ ಹಿಡದ ಹೊರತು ಎಬ್ಬಸಬ್ಯಾಡ."

ರುದ್ರಮುನಿ ನಗಲಿಲ್ಲ. ಶಶಿಕಾಂತನನ್ನು ನೋಡಿದ, ನನ್ನನ್ನು ನೋಡಿದ. "ಖರೇನ ಹಿಂಗ ಹಿಡದಿದ್ದನೇನವ್ವ?"

"ವರ್ಷಾತು ಹೇಳಾಕತ್ತು. ನೀ ಕೇಳಿದ್ದು ಇವತ್ತ."

ಅವನ ಮುಖ ಸಣ್ಣದಾಯಿತು. ಆದರೂ ನಾನು ಸೋಲಲಿಲ್ಲ. ಮಂಚಕ್ಕೆ ಕೈ ಊರದೆ ಎದ್ದು ನಿಂತೆ.

"ಇನ್ನ ಬೀಳೂದ ಇಲ್ಲ ಅಂತ ನಾ ಹೇಳಂಗಿಲ್ಲ. ನಾಳೆ ಬಿದ್ರೂ ಬಿದ್ದೇನು. ಬೀಳೂದಾದ್ರ ನಡಕೋತ ಬೀಳ್ತೇನಿ. ಸರಿ ಆಚೆ."

ಅವನು ಬಾಗಿಲು ಬಿಟ್ಟು ಸರಿದ.

ಓಣಿಯಲ್ಲಿ ಸ್ಕೂಟರ್ ಬಂದಾಗ ನಿಂತೆ. ಗಟಾರದ ಕಲ್ಲು ಅಲುಗುತ್ತದೆಯೋ ಎಂದು ಕೋಲು ಊರಿ ನೋಡಿ ದಾಟಿದೆ. ಅಂಜಿಕೆ ಇತ್ತು, ಸುಳ್ಳೇಕೆ? ಹಿಂದೆ ದೂರದಲ್ಲಿ ರುದ್ರಮುನಿಯ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು. ನಾನು ತಿರುಗಲಿಲ್ಲ, ಅವನು ಹತ್ತಿರ ಬರಲಿಲ್ಲ.

ಸೈದಾಬಿಗೆ ಕಣ್ಣು ಮಂಜು. ಹಾಸಿಗೆಯಿಂದಲೇ ಕೈಚಾಚಿ ನನ್ನ ಮುಖ ಸವರಿ ಗುರುತು ಹಿಡಿದಳು.

"ಪ್ರೇಮಾ! ಯಾರವಾ ನಿನ್ನ ಕರಕೊಂಡ ಬಂದ್ರು?"

ಬನ್ನಿಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ.

"ಯಾರೂ ಇಲ್ಲ ಸೈದಕ್ಕ. ನಾನ ಬಂದೇನಿ."