ಗೇಟು ಇಲ್ಲದ ಹಲಗೆ

ಒಂದೇ ತಿಂಗಳಲ್ಲಿ ಎಕ್‌ಹಾರ್ಟ್ ಎರಡು ಪ್ಲೈವುಡ್ ಹಲಗೆಗಳನ್ನು ಹಾಳುಮಾಡಿದ್ದ. ಇದು ಮೂರನೆಯದು. ಇಪ್ಪತ್ತೆಂಟು ವರ್ಷ ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ನಡುವೆ ರೈಲು ಓಡಿಸಿದವನು ನವೆಂಬರಿನಿಂದೀಚೆಗೆ ಮನೆಯ ನೆಲಮಾಳಿಗೆ ಸೇರಿಬಿಟ್ಟಿದ್ದ. ಮುಚ್ಚಿದ ರೈಲ್ವೆ ಗೇಟಿನಡಿ ನುಸುಳಿ ಬಂದ ಸೈಕಲ್ ಸವಾರನೊಬ್ಬ ಅವನ ಎಂಜಿನ್ನಿಗೆ ಸಿಕ್ಕಿ ಸತ್ತಿದ್ದ. ತಪ್ಪು ಚಾಲಕನದಲ್ಲ ಎಂದು ತನಿಖೆಯವರು ಬರೆದುಕೊಟ್ಟರು. ಆದರೂ ಎಂಜಿನ್ ಹತ್ತಹೋದರೆ ಕಾಲೇ ಏಳುತ್ತಿರಲಿಲ್ಲ. ಕೈಗೊಂದು ಕೆಲಸ ಹಚ್ಚಿಕೊಳ್ಳಿ ಎಂದ ವೈದ್ಯೆಯ ಮಾತಿನಂತೆ, ತಾನು ಓಡಾಡಿದ ದಾರಿಯನ್ನೇ ಪುಟ್ಟ ಆಟಿಕೆ ರೈಲಿಗಾಗಿ ಕಟ್ಟಲು ಹೊರಟಿದ್ದ. ಕೆಲಸಕ್ಕೆ ಮರಳುತ್ತಾನೋ ಇಲ್ಲವೋ, ಸೋಮವಾರ ಹೇಳಬೇಕಿತ್ತು.

ಮೊದಲ ಹಲಗೆಯ ಒಂದೇ ಮಗ್ಗುಲಿಗೆ ಬಣ್ಣ ಬಳಿದಿದ್ದರಿಂದ ಅದು ದೋಣಿಯಂತೆ ಬಾಗಿಹೋಗಿತ್ತು. ಎರಡನೆಯದು ಉದ್ದ ಸಾಲಲಿಲ್ಲ. ಈ ಸಲ ಎರಡೂ ಮಗ್ಗುಲಿಗೆ ವಾರ್ನಿಶ್ ಹಚ್ಚಿ, ಕೆಳಗೆ ಮರದ ಚೌಕಟ್ಟು ಕೊಟ್ಟು, ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ಆದರೆ ಹಳಿಯ ಗೆರೆ ಎಳೆಯುತ್ತ ಹೋದರೆ ಕೊನೆಗೆ ಒಂದು ಗೇಣು ಜಾಗ ಕಡಿಮೆ.

"ಮತ್ತೆ ಗಿಡ್ಡ! ಥೂ!" ಗರಗಸವನ್ನು ಗೋಡೆಗೆ ಬೀಸಿ ಒಗೆದ.

ಸದ್ದು ಕೇಳಿ ಹೆಂಡತಿ ಗುಡ್ರುನ್ ಇಳಿದು ಬಂದಳು. "ಪಾಪದ ಗೋಡೆ ಏನ್ ಮಾಡ್ತು ನಿಂಗೆ?"

"ಒಂದ್ ಹಲಗೆ ಕೊಯ್ಯಕ್ಕೂ ಬರ್ದೇ ಇರೋನು ನಾನು. ಇನ್ಯಾತಕ್ಕೆ ಬದುಕಿದೀನೋ!"

"ಸಾಕ್ ಸುಮ್ನಿರು." ಅವಳು ಅವನು ಬರೆದ ನಕ್ಷೆಯ ಮೇಲೆ ಬೆರಳಾಡಿಸಿದಳು. ಸ್ಟೇಷನ್, ಸೇತುವೆ, ಸುರಂಗ, ಮರದ ಮಿಲ್ಲು. ಬೆರಳು ಅಲ್ಲೇ ನಿಂತಿತು. "ಎಕ್ಕಿ, ಮಿಲ್ಲು ದಾಟಿದ್ಮೇಲೆ ಗೇಟು ಬರ್ಬೇಕಲ್ಲ?"

ಅವನು ಕೈಗಂಟಿದ ಹೊಟ್ಟು ಒರೆಸಿಕೊಳ್ಳತೊಡಗಿದ.

"ನಕ್ಷೇಲಿ ಗೇಟೇ ಬರ್ದಿಲ್ಲ ನೀನು. ಹಲಗೆ ಕೊಯ್ಯೋದು ನಕ್ಷೆ ಅಳತೆಗೆ, ಗೆರೆ ಎಳೆಯೋವಾಗ ಮಾತ್ರ ಕೈ ಗೇಟಿಗೆ ಜಾಗ ಬಿಡ್ತಿದೆ. ಗಿಡ್ಡ ಆಗ್ದೆ ಇನ್ನೇನಾಗುತ್ತೆ?"

ಅವನು ಮರದ ಹೊಟ್ಟಿನ ಮೇಲೇ ಕುಸಿದು ಕುಳಿತ. "ಆಗಲ್ಲ ಗುಡ್ರುನ್. ಅಂಗೈಯಗಲದ ರೈಲನ್ನೂ ಅಲ್ಲಿಂದಾಚೆ ದಾಟಿಸಕ್ಕೆ ನನ್ ಕೈಲಾಗಲ್ಲ. ಅವ್ನು ತಿರುಗಿ ನೋಡ್ದ ಕಣೆ. ನನ್ನನ್ನೇ ನೋಡ್ದ." ನಾಲ್ಕು ತಿಂಗಳಲ್ಲಿ ಯಾರಿಗೂ ಹೇಳದಿದ್ದ ಮಾತದು. ಬಾಯಿಗೆ ತೋಳು ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತ. ಅವಳೂ ಪಕ್ಕದಲ್ಲಿ ಕುಳಿತು, ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ.

ಭಾನುವಾರ ಇಬ್ಬರೂ ಸೇರಿ ಹಲಗೆಯ ತುದಿಗೆ ಒಂದು ಗೇಣಿನ ತುಂಡು ಜೋಡಿಸಿದರು. ಅವನು ಸ್ಕ್ರೂ ಬಿಗಿದು ಪೆನ್ಸಿಲ್ ಎತ್ತಿಕೊಂಡ. ಆದರೆ ಆ ತುಂಡಿನ ಮೇಲೆ ಗೆರೆ ಎಳೆಯಲು ಅವನಿಂದಾಗಲಿಲ್ಲ.

ಸೋಮವಾರ ಬೆಳಿಗ್ಗೆ ರೈಲ್ವೆ ಕಚೇರಿಗೆ ಫೋನ್ ಮಾಡಿ, ತಾನು ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದ.