ಬೇರಿಲ್ಲದ ಹಾಳೆಗಳು

ಸಸ್ಯ ಸಂಗ್ರಹಾಲಯದಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುವುದು ಮುದುಕನ ಕೆಲಸ. ಬೆಟ್ಟ ಹತ್ತಿ ನೀಲಿ ಹೂವಿನ ಒಂದು ಕಾಡುಗಿಡವನ್ನು ತರುತ್ತಿದ್ದವಳು ಅವನ ಹೆಂಡತಿ. ಗಿಡ ಬೇರುಸಹಿತ ಇರಬೇಕೆಂಬುದು ಅಲ್ಲಿಯ ನಿಯಮ. ಅವಳು ಮಾತ್ರ ಒಂದು ಕಡ್ಡಿ ಚಿವುಟಿ ತರುವಳು. ಅವನು ರೇಗಿದರೆ, "ಕೊರಳು ಕುಯ್ದಿದ್ದು ಸಾಲದಾ, ಅದರ ಮನೇನೂ ಕಿತ್ಕೊಂಡು ಬರ್ಬೇಕಾ?" ಎನ್ನುವಳು. ಈಗ ಅವಳಿಲ್ಲ. ಅವಳ ಕೈ ತಾಗಿದ ಹಾಳೆಗಳು ಕಪಾಟಿನಲ್ಲಿವೆ, ಅಷ್ಟೆ.

ಸಂಗ್ರಹಾಲಯ ಹೊಸ ಕಟ್ಟಡಕ್ಕೆ ಸಾಗಬೇಕಾಗಿ ಬಂತು. ಅಲ್ಲಿ ಜಾಗ ಕಡಮೆ. ಬೇರಿಲ್ಲದ ಹಾಳೆಗಳನ್ನು ತೆಗೆದುಹಾಕಿ ಎಂದಳು ಮುಖ್ಯಸ್ಥೆ. ಆಕೆಯದೂ ತಪ್ಪಲ್ಲ, ಬೇರು ನೋಡದೆ ಆ ಗಿಡದ ಜಾತಿ ಹೇಳುವುದು ಕಷ್ಟ. ಅವನು ತಲೆಯಾಡಿಸಿ ಮನೆಗೆ ಬಂದ. ದೇವರ ಮುಂದೆ ಕೂತರೆ ಪ್ರಾರ್ಥನೆಯೇ ಬಾಯಿಗೆ ಬರಲಿಲ್ಲ. ಸಂಗತಿ ತಿಳಿದ ಮಗಳು ಬಿಡಲಿಲ್ಲ.

"ಅಮ್ಮನ ಜೊತೆ ಜಗಳಾಡೋಕೆ ಇಷ್ಟುದ್ದ ಬಾಯಿತ್ತಲ್ಲಪ್ಪಾ. ಅವಳ ಪರ ಒಂದು ಮಾತಾಡೋಕೆ ನಾಲಿಗೆ ಬಿದ್ದುಹೋಯ್ತಾ?"

ಮರುದಿನ ಅವನು ಮುಖ್ಯಸ್ಥೆಯ ಬಾಗಿಲಲ್ಲಿ ನಿಂತ. ಹೆಂಡತಿಯವು ಎಂಬ ಕಾರಣಕ್ಕೆ ಉಳಿಸುವುದು ಬೇಡ, ಆದರೆ ಎಸೆಯುವ ಮುಂಚೆ ಆ ಗಿಡ ಬೆಟ್ಟದಲ್ಲಿ ಇನ್ನೂ ಇದೆಯೇ ಎಂದು ಯಾರಾದರೂ ನೋಡಿಬರಲಿ ಎಂದ. ಎಲ್ಲಿ ಸಿಕ್ಕಿತೆಂದು ಪ್ರತಿ ಹಾಳೆಯ ಮೂಲೆಯಲ್ಲೂ ಬರೆದಿದೆಯಲ್ಲ. ಆಕೆ ತಾನೇ ಹೋಗುವುದಾಗಿ ಹೇಳಿದಳು.

ವಾರ ಕಳೆದು ಬಂದಳು. ಬಿಸಿಲಿಗೆ ಮೂಗು ಸುಲಿದಿತ್ತು, ಮೊಣಕೈ ತರಚಿತ್ತು. ಬೇರೆಯವರು ಬೇರುಸಹಿತ ಕಿತ್ತ ಜಾಗಗಳೆಲ್ಲ ಬರಿದಾಗಿವೆ, ಒಂದೆಲೆಯೂ ಇಲ್ಲ ಎಂದಳು. ಮುದುಕನ ಕುಂಚ ಅಂಟಿನ ಬಟ್ಟಲಲ್ಲೇ ನಿಂತಿತು.

"ನಿಮ್ಮನೆಯವರು ಚಿವುಟಿದ ಬಂಡೆಗಳಿವೆಯಲ್ಲ ಅಜ್ಜ, ಅಲ್ಲಿ ಕಾಲಿಡೋಕೂ ಜಾಗ ಇರ್ಲಿಲ್ಲ. ಅದೇ ಬೇರಿಂದ ಚಿಗುರಿ ಚಿಗುರಿ ಹಬ್ಬಿಬಿಟ್ಟಿದೆ. ನೀಲಿಯೋ ನೀಲಿ."

"ಬೇರು ತಂದ್ರಾ?"

"ಮನಸ್ಸು ಬರ್ಲಿಲ್ಲ."

ಬೆಟ್ಟದ ಮೇಲೆಯೇ ಒತ್ತಿ ಒಣಗಿಸಿದ್ದ ಒಂದು ಕಡ್ಡಿಯನ್ನು ಆಕೆ ಅವನ ಮುಂದಿಟ್ಟಳು. ಬೇರಿಲ್ಲದವಕ್ಕೆ ಹೊಸ ಕಟ್ಟಡದಲ್ಲಿ ತನ್ನ ಕೋಣೆಯ ಕಪಾಟನ್ನೇ ಬಿಟ್ಟುಕೊಡುವೆನೆಂದಳು. ಮುದುಕ ಕಣ್ಣು ಮುಚ್ಚಿದ. ಎಷ್ಟೋ ದಿನಗಳ ಮೇಲೆ ದೇವರ ಹೆಸರು ತಾನಾಗಿ ಬಾಯಿಗೆ ಬಂತು. ಆಮೇಲೆ ಕಣ್ಣೊರೆಸಿಕೊಂಡು, ಕಡ್ಡಿಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ.

"ಒತ್ತುವಾಗ ಒಂದೆಲೆ ಮಗುಚಿ ಇಡೋದಲ್ವೇನಮ್ಮ? ಎಲೆಯ ಬೆನ್ನೂ ಕಾಣ್ಬೇಕು."

ಮುಖ್ಯಸ್ಥೆ ಸ್ಟೂಲು ಎಳೆದು ಅವನ ಪಕ್ಕ ಕೂತಳು.